ಎರಡು ಹೊಳೆ, ಮೂರು ಕಾದಂಬರಿ

ಬದಿಯಡ್ಕದಿಂದ ಕಾಸರಗೋಡಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವವನು ನಾನು. ಈ ಮಳೆಗಾಲ ಆ ಬಸ್ಸಿನಲ್ಲೇ ನಮ್ಮ ಜಿಲ್ಲೆಯ ಮೂರು ಕಾದಂಬರಿ ಓದಿದೆ. ಅಕ್ಕನ ಮಗಳು ಮಲಯಾಳಂ ಮೀಡಿಯಂ, ಕನ್ನಡ ನಿಧಾನಕ್ಕೆ ಓದುತ್ತಾಳೆ. ಅವಳಿಗೆ ಮೊದಲು ಯಾವುದನ್ನು ಕೊಡುವುದು ಎಂಬ ಲೆಕ್ಕ ತಲೆಯಲ್ಲಿತ್ತು.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ತೆಳ್ಳಗಿನ ಪುಸ್ತಕ. ನಾಲ್ಕು ಟ್ರಿಪ್ಪಿನಲ್ಲಿ ಮುಗಿಯಿತು. ನಾದಿರಾ, ಅವಳ ಗಂಡ ರಶೀದ್, ಇಬ್ಬರ ನಡುವೆ ಅವಳ ಅಪ್ಪನ ಹಟ. ಅಪ್ಪನ ಪಾತ್ರಕ್ಕೆ ಸಿಟ್ಟೊಂದೇ ಬಣ್ಣ, ಅದು ನನಗೆ ಸ್ವಲ್ಪ ಜಾಸ್ತಿಯಾಯಿತು. ಆದರೆ ಕೊನೆಯ ಪುಟಗಳನ್ನು ಓದುವಾಗ ಚೆರ್ಕಳದಲ್ಲಿ ಬಸ್ಸು ತುಂಬಿ, ಯಾರದೋ ಒದ್ದೆ ಕೊಡೆ ನನ್ನ ಮಡಿಲಿಗೆ ಸುರಿದರೂ ಗೊತ್ತಾಗಲಿಲ್ಲ. ಅಂತ್ಯ ಏನು ಅಂತ ನಾನು ಹೇಳುವುದಿಲ್ಲ.

ನಿರಂಜನರ 'ಚಿರಸ್ಮರಣೆ' (1955) ಬಸ್ಸಿಗೆ ಹೇಳಿಸಿದ್ದಲ್ಲ. ಇದರ ಹೊಳೆ ದಕ್ಷಿಣದ ತೇಜಸ್ವಿನಿ, ಊರು ಕಯ್ಯೂರು. 1941ರ ರೈತ ಹೋರಾಟ, 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರಿಗೆ ಗಲ್ಲು, ಇದು ನಡೆದ ಕಥೆ. ಕಾದಂಬರಿ ಅದನ್ನು ಅಪ್ಪು, ಚಿರುಕಂಡ ಎಂಬ ಇಬ್ಬರು ಹುಡುಗರ ಬೆನ್ನಿಗೆ ಹೊರಿಸುತ್ತದೆ. ಜನ ಜಾಸ್ತಿ, ಮಧ್ಯೆ ಬಿಟ್ಟರೆ ಎಳೆ ತಪ್ಪುತ್ತದೆ. ಜಮೀನ್ದಾರರೆಲ್ಲ ಕೆಟ್ಟವರು, ಮಾಸ್ತರರು ಬರೀ ಒಳ್ಳೆಯವರು. ಅದೊಂದು ಕೊರತೆಯೇ. ಭಾನುವಾರ ಮನೆಯ ಜಗಲಿಯಲ್ಲಿ ಕೂತು ಓದಿದಾಗ ಮಾತ್ರ ಇದೇ ಪುಸ್ತಕ ಬೇರೆ ಥರ ಕಂಡಿತು. ಹುಡುಗರು ಮೆಲ್ಲಮೆಲ್ಲನೆ ದೊಡ್ಡವರಾಗುವುದನ್ನು ಅವಸರದಲ್ಲಿ ನೋಡಲಿಕ್ಕಾಗುವುದಿಲ್ಲ.

ಅಂತೂ ಹುಡುಗಿಗೆ ಕೊಟ್ಟದ್ದು ಚಂದ್ರಗಿರಿ. ಮೂರನೇ ದಿನ ಅವಳ ಪ್ರಶ್ನೆ: "ಮಾವ, ನಾದಿರಾ ಮನೆಯಲ್ಲಿ ಮಲಯಾಳ ಮಾತಾಡುವುದಲ್ವಾ? ಮತ್ತೆ ಇಲ್ಲಿ ಕನ್ನಡದಲ್ಲಿ ಅಳುವುದು ಹೇಗೆ?"

ನನಗೆ ಅದು ಹೊಳೆದೇ ಇರಲಿಲ್ಲ. ನಿಜ, ಅಪ್ಪು ಚಿರುಕಂಡರ ಮನೆಮಾತೂ ಮಲಯಾಳವೇ. ಮತ್ತೆ ಎರಡನ್ನೂ ತೆಗೆದು ನೋಡಿದೆ. ಸಾರಾ ಅವರ ವಾಕ್ಯ ಸಣ್ಣದು, ಸಪ್ಪೆ ಅನ್ನಿಸುವಷ್ಟು ಸರಳ. ಅದರ ಹಿಂದೆ ಆ ಮನೆಯ ಮಾತು ಕೇಳಿಸಿಕೊಳ್ಳಬಹುದು. ನಿರಂಜನರಲ್ಲಿ ಕೆಲವು ಕಡೆ ಪಾತ್ರಗಳು ಭಾಷಣಕ್ಕೆ ನಿಂತ ಹಾಗಾಗುತ್ತದೆ, ಆಗ ಕನ್ನಡ ಪುಸ್ತಕದ್ದು ಅನ್ನಿಸುತ್ತದೆ. ಈ ಒಂದು ವಿಷಯದಲ್ಲಿ ನನ್ನ ಓಟು ಚಂದ್ರಗಿರಿಗೆ.

ಮೂರನೆಯದು ಅಂಬಿಕಾಸುತನ್ ಮಾಙಾಡ್ ಅವರ 'ಎಣ್ಮಕಜೆ' (2009). ಮಲಯಾಳಂನಲ್ಲೇ ಓದಿದೆ. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕ, ಅದರಿಂದ ನರಳಿದ ಮಕ್ಕಳು. ಇಲ್ಲಿ ಲೆಕ್ಕ ಪೂರ್ತಿ ಉಲ್ಟಾ: ಊರಿನವರ ಮಾತು ತುಳು, ಕನ್ನಡ, ಪುಸ್ತಕ ಮಲಯಾಳಂ. ಕಾದಂಬರಿಯಾಗಿ ಅಲ್ಲಲ್ಲಿ ವರದಿ ಓದಿದ ಹಾಗಾಗುತ್ತದೆ. ಆದರೂ ಹತ್ತು ಪುಟಕ್ಕಿಂತ ಜಾಸ್ತಿ ಒಂದೇ ಸಲ ಓದಲಿಕ್ಕೆ ನನ್ನಿಂದಾಗಲಿಲ್ಲ. ನಮ್ಮ ಪಕ್ಕದ ಎಣ್ಮಕಜೆ ಪಂಚಾಯತಿನ ಕಥೆ ನೋಡಿ.

ಹುಡುಗಿ ಈಗ 'ಚಿರಸ್ಮರಣೆ' ಕೇಳಿದ್ದಾಳೆ. ಅದರ ಮಲಯಾಳಂ ಅನುವಾದವೂ ಇದೆ ಅಂತ ಹೇಳಿದೆ. "ಬೇಡ, ಕನ್ನಡದ್ದೇ ಕೊಡಿ" ಅಂದಳು. ಕೊಟ್ಟಿದ್ದೇನೆ. ನಾನು ಗುರುತಿಗೆ ಇಟ್ಟ ಬಸ್ ಟಿಕೆಟ್ ಅದರೊಳಗೇ ಉಳಿದಿದೆ.