ಫೋರ್ಟ್ ಕೊಚ್ಚಿಯ ಅಗ್ಗದ ಕೋಣೆಗಳು: ಎರಡು ಸಾವಿರದೊಳಗೆ ಏನು ಸಿಗುತ್ತದೆ, ಎಲ್ಲಿ ಕೈಕೊಡುತ್ತದೆ

ಫೋರ್ಟ್ ಕೊಚ್ಚಿಯಲ್ಲಿ ಬಜೆಟ್ ಹೋಟೆಲ್ ಎಂದು ಕರೆಯುವುದರಲ್ಲಿ ಬಹುಪಾಲು ಮನೆಗಳೇ. ಕೆಳಗೆ ಮಾಲೀಕರ ಸಂಸಾರ, ಮೇಲೆ ಬಾಡಿಗೆಗೆ ನಾಲ್ಕೈದು ಕೋಣೆ, ಮೆಟ್ಟಿಲ ಪಕ್ಕದಲ್ಲೊಂದು ರಿಜಿಸ್ಟರು. ಪ್ರಿನ್ಸೆಸ್ ಸ್ಟ್ರೀಟ್, ರೋಸ್ ಸ್ಟ್ರೀಟ್, ಬರ್ಗರ್ ಸ್ಟ್ರೀಟ್, ಕ್ವಿರೋಸ್ ಸ್ಟ್ರೀಟ್, ಎಲ್ಫಿನ್‌ಸ್ಟನ್ ರೋಡ್ ಸುತ್ತಮುತ್ತ ಹೆಜ್ಜೆಗೊಂದು ಸಿಗುತ್ತವೆ. ಸುಗ್ಗಿಯಲ್ಲದ ದಿನಗಳಲ್ಲಿ ಇಬ್ಬರಿಗೆ ಫ್ಯಾನ್ ಕೋಣೆ ಸುಮಾರು 1,000ದಿಂದ 1,500 ರೂಪಾಯಿ, ಎಸಿ ಕೋಣೆ 1,600ರಿಂದ 2,500. ಈ ದುಡ್ಡಿಗೆ ಕೊಚ್ಚಿಯ ಹಳೆಯ ಪಟ್ಟಣದ ನಟ್ಟನಡುವೆ, ಸಮುದ್ರಕ್ಕೆ ಹತ್ತು ನಿಮಿಷದ ನಡಿಗೆಯಲ್ಲಿ ಮಲಗಬಹುದು. ಎರ್ನಾಕುಳಂ ಸ್ಟೇಷನ್ ಎದುರಿನ ಲಾಡ್ಜಿಗೂ ಹೆಚ್ಚುಕಡಿಮೆ ಇಷ್ಟೇ ಆಗುವುದರಿಂದ ಇಲ್ಲಿಗೆ ಬರುವುದೇ ಲಾಭ. ಆದರೆ ಆ್ಯಪಿನ ಫೋಟೋ ನೋಡಿ ಕೋಣೆ ಆರಿಸಿದರೆ ಅರ್ಧ ಸಲ ಮೋಸ. ಏಕೆಂದರೆ ಇಲ್ಲಿನ ಕೋಣೆಯನ್ನು ಚೆನ್ನಾಗಿಸುವುದೂ ಕೆಡಿಸುವುದೂ ಫೋಟೋದಲ್ಲಿ ಕಾಣದ ಸಂಗತಿ: ತೇವ.

ಮೊದಲು ಗೋಡೆ. ಹಳೆಯ ಮನೆಗಳ ಗೋಡೆ ಮುರಕಲ್ಲು ಮತ್ತು ಸುಣ್ಣದ ಗಾರೆಯದು. ಇವು ನೆಲದ ತೇವವನ್ನು ಮೇಲಕ್ಕೆಳೆದು ಗಾಳಿಗೆ ಬಿಡುವ ಗೋಡೆಗಳು. ಸುಣ್ಣ ಬಳಿದಿದ್ದ ಕಾಲದಲ್ಲಿ ಅದರಿಂದ ತೊಂದರೆ ಇರಲಿಲ್ಲ. ಹೋಂಸ್ಟೇ ಮಾಡುವ ಹುಮ್ಮಸ್ಸಿನಲ್ಲಿ ಸಿಮೆಂಟ್ ಗಿಲಾಯಿ ಮಾಡಿ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ತೇವಕ್ಕೆ ಹೊರಹೋಗಲು ದಾರಿಯಿಲ್ಲ. ಪೇಂಟು ಗುಳ್ಳೆಯೇಳುತ್ತದೆ, ಗೋಡೆಯ ಬುಡದಲ್ಲಿ ಬಿಳಿ ಪುಡಿ ಉದುರುತ್ತದೆ. ಆ ಪುಡಿ ಗೋಡೆಯಿಂದ ಹೊರಬಂದ ಉಪ್ಪು. ಮಾಲೀಕರು ಪ್ರತಿ ಅಕ್ಟೋಬರಿಗೆ ಹೊಸ ಪೇಂಟ್ ಬಳಿಸುತ್ತಾರೆ, ಮುಂದಿನ ಜೂನಿಗೆ ಮತ್ತದೇ ಗುಳ್ಳೆ. ಹಾಗಾಗಿ ಹೊಸ ಪೇಂಟಿನ ಹೊಳಪಿಗೆ ಮರುಳಾಗಬೇಡಿ. ಮಂಚದ ತಲೆಭಾಗ ಹೊರಗೋಡೆಗೆ ತಾಗಿದೆಯೇ ನೋಡಿ, ಬೀರುವಿನ ಬಾಗಿಲು ತೆರೆದು ಮೂಸಿ, ಹಾಸಿಗೆಯ ಒಂದು ಮೂಲೆ ಎತ್ತಿ ಅಡಿಭಾಗ ಮುಟ್ಟಿ. ಬೂಷ್ಟಿನ ವಾಸನೆ ಬಂದರೆ ಬೇರೆ ಕೋಣೆ ಕೇಳಿ. ರೂಂ ಫ್ರೆಶ್ನರ್ ಘಾಟು ವಿಪರೀತ ಹೊಡೆಯುತ್ತಿದ್ದರೂ ಅದೇ ಅನುಮಾನ ಇಟ್ಟುಕೊಳ್ಳಿ.

ನೆಲಮಹಡಿಯ ಕೋಣೆ ಬೇಸಿಗೆಯಲ್ಲಿ ತಂಪು, ಮಳೆಗಾಲದಲ್ಲಿ ಹಸಿ. ಮೇಲಿನದು ಅದರ ತಿರುವುಮುರುವು. ಆದರೆ ಮೇಲಿನ ಮಹಡಿಯಲ್ಲೂ ಮಾಡು ಎಂಥದು ಎಂಬುದರ ಮೇಲೆ ಎಲ್ಲ ನಿಂತಿದೆ. ಬರೀ ಆರ್‌ಸಿಸಿ ಚಾವಣಿಯಾದರೆ ಅದು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹನ್ನೊಂದರವರೆಗೂ ಕಾದ ಕಾವಲಿಯಂತೆ ಶಾಖ ಉಗುಳುತ್ತದೆ. ಫ್ಯಾನು ಆ ಬಿಸಿಗಾಳಿಯನ್ನೇ ತಂದು ಮೈಮೇಲೆ ಸುರಿಯುತ್ತದೆ. ಚಾವಣಿಯ ಮೇಲೆ ಕಬ್ಬಿಣದ ಚೌಕಟ್ಟು ಕಟ್ಟಿ ಶೀಟ್ ಹಾಕಿದ್ದರೆ ನಡುವೆ ಗಾಳಿಯಾಡುವುದರಿಂದ ಎಷ್ಟೋ ವಾಸಿ. ಎಲ್ಲಕ್ಕಿಂತ ಒಳ್ಳೆಯದು ಹಳೆಯ ಹಂಚಿನ ಮಾಡು, ಅದರಡಿ ಮರದ ಮುಚ್ಚಿಗೆ. 1865ರಲ್ಲಿ ಬಾಸೆಲ್ ಮಿಷನ್‌ನವರು ನಮ್ಮ ಮಂಗಳೂರಿನಲ್ಲಿ ಸುಡಲು ಆರಂಭಿಸಿದ ಮಾದರಿಯ ಹಂಚುಗಳನ್ನೇ ಇಲ್ಲಿಯೂ ಕಾಣಬಹುದು. ಫೋನಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ಯಾವ ಮಹಡಿ, ಮೇಲೆ ಏನಿದೆ?

ಎಸಿ ಬೇಕೇ? ಡಿಸೆಂಬರಿನಿಂದ ಫೆಬ್ರವರಿ ಮೊದಲರ್ಧದವರೆಗೆ ಬೇಡ. ಎದುರುಬದುರು ಎರಡು ಕಿಟಕಿ ಇರುವ ಫ್ಯಾನ್ ಕೋಣೆ ಸಾಕು, ಉಳಿದ ಐನೂರು ರೂಪಾಯಿಗೆ ಚೆನ್ನಾಗಿ ಊಟ ಮಾಡಬಹುದು. ಮಾರ್ಚ್ ನಡುವಿನಿಂದ ಮೇ ಮುಗಿಯುವವರೆಗೆ ಮಾತ್ರ ಎಸಿ ಇಲ್ಲದೆ ನಿದ್ದೆ ಬಾರದು. ಕೊಚ್ಚಿಯ ಉಷ್ಣಾಂಶ ರಾಯಚೂರು, ಕಲಬುರಗಿಯ ಹತ್ತಿರಕ್ಕೂ ಬರುವುದಿಲ್ಲ, ಆದರೆ ಬೆವರು ಆರುವುದೂ ಇಲ್ಲ. ಮಂಗಳೂರು, ಉಡುಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರು, ಮೈಸೂರಿನವರು ಎಚ್ಚರ ವಹಿಸಬೇಕು. ಎಸಿ ಕೋಣೆ ಹಿಡಿದರೆ ಚೀಲ ಬಿಚ್ಚುವ ಮೊದಲೇ ಅದನ್ನು 24ಕ್ಕೆ ಇಟ್ಟು ಹದಿನೈದು ನಿಮಿಷ ಓಡಿಸಿ. ಉಪ್ಪುಗಾಳಿಗೆ ಹೊರಗಿನ ಯೂನಿಟ್ಟಿನ ಕಾಯಿಲ್ ಬೇಗ ಸವೆಯುತ್ತದೆ. ಸದ್ದು ಮಾಡುತ್ತದೆ, ಗಾಳಿ ಬರುತ್ತದೆ, ತಂಪು ಮಾತ್ರ ಇಲ್ಲ. ಹಂಚಿನ ಮಾಡಿಗೆ ಒಳಮುಚ್ಚಿಗೆ ಇಲ್ಲದಿದ್ದರೆ ಸರಿಯಿರುವ ಎಸಿಯೂ ದಂಡ, ತಂಪೆಲ್ಲ ಸಂದಿಯಲ್ಲಿ ಸೋರಿಹೋಗುತ್ತದೆ. ಕರೆಂಟು ಹೋದಾಗ ಇನ್ವರ್ಟರ್ ಇರುವ ಮನೆಯಲ್ಲೂ ಓಡುವುದು ಫ್ಯಾನು, ದೀಪ, ವೈಫೈ ಇಷ್ಟೇ. ಎಸಿ, ಗೀಸರ್ ನಿಲ್ಲುತ್ತವೆ.

ಬಚ್ಚಲಿನ ವಿಷಯಕ್ಕೆ ಬಂದರೆ, ಒಳಹೊಕ್ಕ ಕೂಡಲೇ ಚರಂಡಿ ವಾಸನೆ ಬಂದಿತೆಂದು ಗಾಬರಿಯಾಗಬೇಡಿ. ಕೆಲವು ದಿನ ಖಾಲಿಯಿದ್ದ ಕೋಣೆಯಲ್ಲಿ ನೆಲದ ಜಾಲರಿಯ ಕೆಳಗಿನ ಬಾಗಿದ ಪೈಪಿನ ನೀರು ಆರಿ, ಮೋರಿಯ ಗಾಳಿ ನೇರ ಮೇಲೆ ಬರುತ್ತದೆ. ಅರ್ಧ ಬಕೆಟ್ ನೀರು ಸುರಿದು ಹತ್ತು ನಿಮಿಷ ಬಿಡಿ. ವಾಸನೆ ಹೋದರೆ ಸರಿ, ಹೋಗದಿದ್ದರೆ ಪ್ಲಂಬಿಂಗ್ ದೋಷ, ಕೋಣೆ ಬದಲಿಸಿ. 15 ಲೀಟರಿನ ಗೀಸರ್ ಇದ್ದರೆ ಹತ್ತು ಹನ್ನೆರಡು ನಿಮಿಷ ಮೊದಲೇ ಹಾಕಿಡಿ. 3 ಲೀಟರಿನ ಇನ್‌ಸ್ಟಂಟ್ ಆದರೆ ನಲ್ಲಿಯನ್ನು ಸಣ್ಣಗೆ ಬಿಟ್ಟು ಬಕೆಟ್ ತುಂಬಿಸಿಕೊಳ್ಳಬೇಕು, ಶವರಿನ ಕೆಳಗೆ ನಿಂತರೆ ಅರ್ಧ ನಿಮಿಷಕ್ಕೆ ತಣ್ಣೀರು. ಸೋಪು ನೊರೆ ಬರದಿದ್ದರೆ ನಲ್ಲಿಯಲ್ಲಿರುವುದು ಬಾವಿಯದೋ ಬೋರಿನದೋ ನೀರು. ಇಲ್ಲಿನ ಅಂತರ್ಜಲಕ್ಕೆ ಉಪ್ಪಿನ ಸೋಂಕಿದೆ. ಕುಡಿಯುವ ನೀರು ದೂರದಿಂದ ಪೈಪಿನಲ್ಲಿ ಬರುತ್ತದೆ. ಬೇಸಿಗೆಯಲ್ಲಿ ಅದು ಕಡಿಮೆಯಾದಾಗ ಟ್ಯಾಂಕರ್ ತರಿಸದ ಮನೆಯಲ್ಲಿ ಬೆಳಗಿನ ಎಂಟಕ್ಕೆಲ್ಲ ನಲ್ಲಿ ಒಣಗುತ್ತದೆ. ಏಪ್ರಿಲ್, ಮೇನಲ್ಲಿ ಹೋಗುವವರು ಟ್ಯಾಂಕ್ ಎಷ್ಟು ದೊಡ್ಡದು ಎಂದು ಸಂಕೋಚವಿಲ್ಲದೆ ಕೇಳಬೇಕು. ಊಟದ ಮೇಜಿನ ಮೇಲಿನ ಜಗ್ಗಿನಲ್ಲಿ ತಿಳಿಗೆಂಪು ನೀರಿದ್ದರೆ ಅದು ಕೊಳೆಯಲ್ಲ, ಪತಿಮುಗಂ ಚಕ್ಕೆ ಹಾಕಿ ಕುದಿಸಿದ್ದು. ಧಾರಾಳವಾಗಿ ಕುಡಿಯಿರಿ.

ಸೊಳ್ಳೆ. ಕೊಚ್ಚಿಯ ಸೊಳ್ಳೆಗೆ ಕೇರಳದಲ್ಲೇ ಹೆಸರಿದೆ. ಕಿಟಕಿಗೆ ಜಾಲರಿ ಇಲ್ಲದ ಫ್ಯಾನ್ ಕೋಣೆಯಲ್ಲಿ ಕಿಟಕಿ ತೆರೆದರೆ ಸೊಳ್ಳೆ, ಮುಚ್ಚಿದರೆ ಸೆಕೆ. ಜಾಲರಿ ಇದೆಯೇ ಎಂಬುದು ಎರಡನೇ ಪ್ರಶ್ನೆ. ಕಲ್ವತ್ತಿ ತೋಡಿನ ಪಕ್ಕದ ಮನೆಗಳಲ್ಲಿ ಬಾಡಿಗೆ ಇನ್ನೂರು ಮುನ್ನೂರು ಕಡಿಮೆ ಇರುವುದಕ್ಕೆ ಸೊಳ್ಳೆಯೂ ಇಳಿತದ ಹೊತ್ತಿನ ವಾಸನೆಯೂ ಕಾರಣ. ಆ ಉಳಿತಾಯ ಬೇಡ.

ಬೀದಿಯ ಆಯ್ಕೆ. ಪ್ರಿನ್ಸೆಸ್ ಸ್ಟ್ರೀಟ್ ಎಲ್ಲಕ್ಕೂ ಹತ್ತಿರ, ಆದರೆ ಕೆಫೆ, ಸ್ಕೂಟರುಗಳ ಗಲಾಟೆ ರಾತ್ರಿ ಹತ್ತೂವರೆವರೆಗೂ ಇರುತ್ತದೆ. ಪರೇಡ್ ಗ್ರೌಂಡಿನ ತೆಂಕು ಬದಿ, ಕ್ವಿರೋಸ್ ಸ್ಟ್ರೀಟಿನ ಒಳಗಲ್ಲಿಗಳು ಶಾಂತ. ಅಲ್ಲಿಂದ ಸೇಂಟ್ ಫ್ರಾನ್ಸಿಸ್ ಚರ್ಚು, ಸಾಂತಾ ಕ್ರೂಸ್ ಬೆಸಿಲಿಕಾ, ಚೀನಾ ಬಲೆಗಳು ಎಲ್ಲವೂ ಕಾಲ್ನಡಿಗೆಯಲ್ಲೇ ಮುಗಿಯುತ್ತವೆ. 1524ರಲ್ಲಿ ಇಲ್ಲೇ ತೀರಿಕೊಂಡ ವಾಸ್ಕೋ ಡ ಗಾಮನನ್ನು ಮೊದಲು ಹೂತದ್ದು ಆ ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ. ಹೆಸರಿನಲ್ಲಿ ಫೋರ್ಟ್ ಇದೆಯೆಂದು ಕೋಟೆ ಹುಡುಕಿಕೊಂಡು ಹೋಗಬೇಡಿ. 1503ರಲ್ಲಿ ಪೋರ್ಚುಗೀಸರು ಕಟ್ಟಿದ್ದು ಡಚ್ಚರ ಕೈಗೆ, ಆಮೇಲೆ ಇಂಗ್ಲಿಷರ ಕೈಗೆ ಹೋಗಿ, 1806ರಲ್ಲಿ ಬಹುತೇಕ ನೆಲಸಮವಾಯಿತು. ಈಜುವ ಆಸೆಯಿಂದಲೂ ಬರಬೇಡಿ. ಇಲ್ಲಿನ ಮರಳ ದಂಡೆ ಕೊರೆದುಹೋಗಿ ಕಲ್ಲುಗಳೇ ಉಳಿದಿವೆ, ಮಳೆಗಾಲದ ನಂತರ ಹಿನ್ನೀರಿನಿಂದ ತೇಲಿಬಂದ ಅಂತರಗಂಗೆ ದಡದುದ್ದಕ್ಕೂ ಕೊಳೆಯುತ್ತದೆ. ನೀರಿಗಿಳಿಯಬೇಕಾದವರು ವಾಹನಗಳನ್ನೂ ದಾಟಿಸುವ ರೋ-ರೋ ದೋಣಿ ಹತ್ತಿ ವೈಪಿನ್ ದ್ವೀಪಕ್ಕೆ ದಾಟಿ ಅಲ್ಲಿನ ಚೆರಾಯಿ ಬೀಚಿಗೆ ಹೋಗುತ್ತಾರೆ.

ಬೆಳಗಿನ ತಿಂಡಿಯೇ ಇಂಥ ಮನೆಗಳ ದೊಡ್ಡ ಬಲ. ಅಪ್ಪಂ ಮತ್ತು ಸ್ಟ್ಯೂ, ಪುಟ್ಟು ಮತ್ತು ಕಡಲೆ, ಇಡಿಯಪ್ಪಂ ಇವುಗಳಲ್ಲಿ ಒಂದು, ಜೊತೆಗೆ ಬಾಳೆಹಣ್ಣು, ಚಹಾ. ತಲೆಗೆ 100ರಿಂದ 200 ರೂಪಾಯಿ. ಬಾಡಿಗೆಯಲ್ಲೇ ಸೇರಿದ್ದು ಎನ್ನುವ ಕಡೆ ಟೋಸ್ಟ್ ಆಮ್ಲೆಟ್ ಕೊಟ್ಟು ಕೈತೊಳೆದುಕೊಳ್ಳುವುದೇ ಜಾಸ್ತಿ, ಆದ್ದರಿಂದ ಬೇರೆ ದುಡ್ಡು ಕೊಟ್ಟಾದರೂ ಮನೆಯ ತಿಂಡಿ ಕೇಳಿ, ಅದೂ ಹಿಂದಿನ ರಾತ್ರಿ ಎಂಟರೊಳಗೆ. ಅಪ್ಪದ ಹಿಟ್ಟು ರಾತ್ರಿಯೇ ಹುದುಗಬೇಕು. ಶುದ್ಧ ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡುವುದು ವಾಸಿ. ಸ್ಟ್ಯೂಗೆ ಕೋಳಿ ಹಾಕುವ ಮನೆಗಳಿವೆ, ಒಂದೇ ಅಡುಗೆಮನೆಯಲ್ಲಿ ಮೀನು, ಬೀಫ್ ಎಲ್ಲವೂ ಬೇಯುತ್ತದೆ. ಮಧ್ಯಾಹ್ನದ ಸಸ್ಯಾಹಾರಕ್ಕೆ ಮಟ್ಟಾಂಚೇರಿಯ ಗುಜರಾತಿ ರೋಡ್ ಕಡೆ ಹೋಗಿ. ಅಲ್ಲೇ ಚೆರ್ಲಾಯಿಯ ತಿರುಮಲ ದೇವಸ್ಥಾನದ ಸುತ್ತ ಕೊಂಕಣಿಗರ ಕೇರಿಗಳಿವೆ. ಕರಾವಳಿಯವರಿಗೆ ಮಾತೂ ಹೊಂದುತ್ತದೆ, ಹಪ್ಪಳವೂ ಹೊಂದುತ್ತದೆ.

ದುಡ್ಡಿನ ಲೆಕ್ಕ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ಜಿಎಸ್‌ಟಿ 12ರಿಂದ 5 ಶೇಕಡಕ್ಕೆ ಇಳಿದಿದೆ. ಹಳೆಯ 12 ಶೇಕಡ ಹಾಕಿದ ಬಿಲ್ ಕೊಟ್ಟರೆ ಪ್ರಶ್ನಿಸಿ. ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿನ, ನೋಂದಣಿ ಇಲ್ಲದ ಸಣ್ಣ ಮನೆಗಳು ನೇರ ಬಂದವರಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಅದೇ ಕೋಣೆಯನ್ನು ಆ್ಯಪಿನಲ್ಲಿ ಹಿಡಿದರೆ ತೆರಿಗೆ ಆ್ಯಪಿನವರೇ ಸೇರಿಸುತ್ತಾರೆ, ಕಮಿಷನ್ ಬೇರೆ. ಹಾಗಾಗಿ ಆ್ಯಪಿನಲ್ಲಿ ಬೆಲೆ ನೋಡಿಕೊಂಡು ಮನೆಗೇ ಫೋನ್ ಮಾಡಿದರೆ ಶೇಕಡ ಹತ್ತು ಹದಿನೈದು ಇಳಿಸುವುದು ಮಾಮೂಲು, ಎರಡು ಮೂರು ರಾತ್ರಿಗಾದರೆ ಇನ್ನೂ ಸುಲಭ. ಫೋನಿನಲ್ಲಿ ಒಪ್ಪಿಕೊಂಡ ಬಾಡಿಗೆ, ಮಹಡಿ, ತಿಂಡಿ ಸೇರಿದೆಯೋ ಇಲ್ಲವೋ ಎಲ್ಲವನ್ನೂ ವಾಟ್ಸ್ಆ್ಯಪಿನಲ್ಲಿ ಬರೆಸಿಕೊಳ್ಳಿ. ಕೇರಳ ಪ್ರವಾಸೋದ್ಯಮ ಇಲಾಖೆ ಹೋಂಸ್ಟೇಗಳನ್ನು ಡೈಮಂಡ್, ಗೋಲ್ಡ್, ಸಿಲ್ವರ್ ಎಂದು ವರ್ಗ ಮಾಡುತ್ತದೆ. ಆ ಫಲಕವಿದ್ದರೆ ಮಾಲೀಕರು ಅಲ್ಲೇ ವಾಸವಿರಬೇಕೆಂಬ ನಿಯಮವಿದೆ. ಈ ಒಂದು ವಿಷಯ ಎಸಿಗಿಂತ ಮುಖ್ಯ. ಗೇಟಿನ ಕೀಲಿಯನ್ನು ಹುಡುಗನೊಬ್ಬನಿಗೆ ಕೊಟ್ಟು ಮಾಲೀಕರು ಬೇರೆಲ್ಲೋ ಇರುವ ಮನೆಯಲ್ಲಿ ರಾತ್ರಿ ನೀರು ನಿಂತರೆ ಕೇಳುವವರಿಲ್ಲ.

ಡಿಸೆಂಬರ್ 20ರಿಂದ ಜನವರಿ ಮೊದಲ ವಾರದವರೆಗೆ ಮೇಲೆ ಹೇಳಿದ ಬೆಲೆಗಳೆಲ್ಲ ಎರಡರಷ್ಟು, ಮೂರರಷ್ಟು ಏರುತ್ತವೆ. ಮೂವತ್ತೊಂದರ ರಾತ್ರಿ ಪಾಪ್ಪಾಂಜಿ ಎಂಬ ಮುದುಕನ ದೊಡ್ಡ ಬೊಂಬೆ ಸುಡುವುದನ್ನು ನೋಡಲು ಸೇರುವ ಜನಸಾಗರದಲ್ಲಿ ರಸ್ತೆ, ದೋಣಿ ಎರಡೂ ಕಟ್ಟಿಕೊಳ್ಳುತ್ತವೆ. ಎರಡು ವರ್ಷಕ್ಕೊಮ್ಮೆ ನಡೆಯುವ ಕೊಚ್ಚಿ-ಮುಜಿರಿಸ್ ಬಿನಾಲೆ ಕಲಾ ಪ್ರದರ್ಶನ ನೋಡುವವರು ಜನವರಿ ಕೊನೆಗೋ ಫೆಬ್ರವರಿಗೋ ಹೋದರೆ ಪ್ರದರ್ಶನವೂ ಇರುತ್ತದೆ, ಬಾಡಿಗೆಯೂ ಇಳಿದಿರುತ್ತದೆ. ಜೂನ್, ಜುಲೈನಲ್ಲಿ ಕೋಣೆ ಅರ್ಧ ಬೆಲೆಗೆ ಸಿಗುತ್ತದೆ. ಆದರೆ ಒಗೆದ ಅಂಗಿ ಫ್ಯಾನಿನ ಕೆಳಗೂ ಎರಡು ದಿನ ಒಣಗುವುದಿಲ್ಲ, ನೈಲಾನ್ ಹಗ್ಗ, ನಾಲ್ಕು ಕ್ಲಿಪ್ಪು ಒಯ್ಯಿರಿ.

ತಲುಪುವ ಹೊತ್ತನ್ನು ಕೋಣೆಗೆ ಹೊಂದಿಸಿಕೊಳ್ಳದಿದ್ದರೆ ಅರ್ಧ ದಿನ ಬೀದಿಪಾಲು. ಚೆಕ್-ಇನ್ ಸಾಮಾನ್ಯವಾಗಿ ಮಧ್ಯಾಹ್ನ 12ಕ್ಕೆ ಇಲ್ಲವೇ 1ಕ್ಕೆ. ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬಂದವರು ಬೆಳಿಗ್ಗೆಯೇ ಎರ್ನಾಕುಳಂನಲ್ಲಿ ಇಳಿದಿರುತ್ತಾರೆ. ಚೀಲ ಇಟ್ಟು ಮುಖ ತೊಳೆಯಲು ಬಹುತೇಕ ಮನೆಗಳಲ್ಲಿ ಬಿಡುತ್ತಾರೆ, ಆದರೆ ಮೊದಲೇ ಕೇಳಿರಬೇಕು. ಮಂಗಳೂರಿನಿಂದ ಸಂಜೆ ಹೊರಡುವ ಮಾವೇಲಿ, ಮಲಬಾರ್ ಎಕ್ಸ್‌ಪ್ರೆಸ್‌ಗಳು ಬೆಳಗಾಗುವ ಮೊದಲೇ ಎರ್ನಾಕುಳಂ ಮುಟ್ಟುತ್ತವೆ. ಆಗ ದೋಣಿ ಇಲ್ಲ, ಟ್ಯಾಕ್ಸಿಯೇ ಗತಿ, ಮನೆಯವರನ್ನೂ ನಿದ್ದೆಯಿಂದ ಎಬ್ಬಿಸಬೇಕು. ಮುಂಜಾನೆಯ ಪರಶುರಾಂ ಹಿಡಿದರೆ ಮಧ್ಯಾಹ್ನ ಇಳಿದು ನೇರ ಕೋಣೆ ಸೇರಬಹುದು. ಸ್ಟೇಷನ್ನಿನಿಂದ ರಸ್ತೆಯಲ್ಲಿ ಹನ್ನೆರಡು ಹದಿಮೂರು ಕಿಲೋಮೀಟರ್, ತೋಪ್ಪುಂಪಡಿಯಲ್ಲಿ ಟ್ರಾಫಿಕ್ ಸಿಕ್ಕಿದರೆ ಮುಕ್ಕಾಲು ಗಂಟೆ. ಬೋಟ್ ಜೆಟ್ಟಿಗೆ ಆಟೋದಲ್ಲಿ ಹೋಗಿ ಸರ್ಕಾರಿ ದೋಣಿ ಹತ್ತಿದರೆ ಹತ್ತು ರೂಪಾಯಿಯೊಳಗೆ ಫೋರ್ಟ್ ಕೊಚ್ಚಿ. ಹೈಕೋರ್ಟ್ ಜೆಟ್ಟಿಯಿಂದ ಫೋರ್ಟ್ ಕೊಚ್ಚಿಗೆ 2024ರಲ್ಲಿ ಶುರುವಾದ ವಾಟರ್ ಮೆಟ್ರೋ ದೋಣಿಗೆ 40 ರೂಪಾಯಿ, ಎಸಿ, ಇಪ್ಪತ್ತು ನಿಮಿಷ. ಶನಿವಾರ, ಭಾನುವಾರ ಅದರ ಸಾಲು ನೋಡಿದರೆ ಹಳೆ ದೋಣಿಯೇ ಚೆಂದ ಅನಿಸುತ್ತದೆ. ರಾತ್ರಿ ಒಂಬತ್ತರ ಮೇಲೆ ಎರಡನ್ನೂ ನೆಚ್ಚಬೇಡಿ.

ಜೆಟ್ಟಿಯಲ್ಲಿ ಇಳಿದ ಕೂಡಲೇ ಬುಕ್ ಮಾಡಿದ ಮನೆ ಮುಚ್ಚಿದೆ, ಬೇರೆ ತೋರಿಸುತ್ತೇನೆ ಎನ್ನುವವರು ಎದುರಾದರೆ ಮನೆಗೆ ಫೋನ್ ಹಚ್ಚಿ. ಐವತ್ತು ನೂರು ರೂಪಾಯಿಗೆ ಊರೆಲ್ಲ ತೋರಿಸುವ ಆಟೋದವರು ಮಸಾಲೆ ಅಂಗಡಿ, ಕರಕುಶಲ ಅಂಗಡಿಗಳ ಕಮಿಷನ್ನಿಗೆ ದುಡಿಯುವವರು. ಕೊಳ್ಳದೆ ಹೊರಬರುವ ಗಟ್ಟಿತನ ಇದ್ದರೆ ಹತ್ತಿ, ಇಲ್ಲದಿದ್ದರೆ ಮೀಟರ್ ಹಾಕಿಸಿ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ, ಯಹೂದಿ ಸಿನಗಾಗ್‌ಗೆ ಶನಿವಾರ. ಎರಡೂ ನೋಡಬೇಕಾದವರು ಗುರುವಾರ ಮುಟ್ಟುವಂತೆ ಟಿಕೆಟ್ ಮಾಡಿಸಿದರೆ ಎರಡು ರಾತ್ರಿಯ ಬಾಡಿಗೆ ಸಾಕು.