ಕನ್ನಡ ಲೇಖನಗಳ ರಾಶಿ ಇಡೋಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಹೆಂಗಿದೆ?

ಉದ್ದುದ್ದ ಕನ್ನಡ ಟೆಕ್ಸ್ಟ್ ಇಡೋರು ಇದನ್ನ ಕಣ್ಮುಚ್ಚಿ ತಗೋಬಹುದು. ಅಕ್ಷರಗಳನ್ನ ಬೈಟ್‌ಗಳಾಗಿ ಇಡೋ ಯುಟಿಎಫ್-8 ಪದ್ಧತಿಯಲ್ಲಿ ‘ಕ್ಷಿ’ ಒಂದಕ್ಕೇ 12 ಬೈಟ್ ಹೋಗುತ್ತೆ, ಹಂಗಾಗಿ ಮೈಎಸ್‌ಕ್ಯೂಎಲ್ ಅನ್ನೋ ಇನ್ನೊಂದು ಡೇಟಾಬೇಸ್‌ನ ಟೆಕ್ಸ್ಟ್ ಕಾಲಂನ 65,535 ಬೈಟ್ ಮಿತಿ ನಮಗೆ ಬೇಗ ಮುಗಿದು ಮೀಡಿಯಂಟೆಕ್ಸ್ಟ್ ಅನ್ನೋ ದೊಡ್ಡ ಕಾಲಂ ಹುಡುಕ್ಬೇಕು, ಇಲ್ಲಿ ಆ ತಲೆನೋವಿಲ್ಲ, ಒಂದು ಫೀಲ್ಡಿಗೆ ಹತ್ರಹತ್ರ 1 ಜಿಬಿ ತನಕ ತುರುಕಬಹುದು. ಸಾಲು ಸುಮಾರು 2 ಕೆಬಿ ದಾಟಿದ್ರೆ ಟೋಸ್ಟ್ ಅನ್ನೋ ವ್ಯವಸ್ಥೆ ತಾನೇ ಕಂಪ್ರೆಸ್ ಮಾಡಿ, ಆಗ್ಲೂ ಹಿಡಿಸಲಿಲ್ಲ ಅಂದ್ರೆ ಪಕ್ಕದ ಟೇಬಲ್‌ಗೆ ಸಾಗಿಸುತ್ತೆ, ಕ್ವೆರಿ ಬರೆಯೋರಿಗೆ ಗೊತ್ತೂ ಆಗಲ್ಲ. 14ನೇ ವರ್ಷನ್‌ನಿಂದ ಕಂಪ್ರೆಸ್ ಮಾಡೋಕೆ ಎಲ್‌ಝಡ್4 ಅನ್ನೋ ವಿಧಾನ ಕೂಡ ಸಿಗುತ್ತೆ.

ಸರ್ಚ್ ಮಾತ್ರ ಸಪ್ಪೆ. ತಮಿಳಿಗೆ ಸ್ಟೆಮ್ಮರ್ (ಪದದ ಮೂಲರೂಪ ಹಿಡಿಯೋ ಸಾಧನ) ಕೊಟ್ಟವ್ರೆ, ಕನ್ನಡಕ್ಕಿಲ್ಲ (ಎಂದಿನಂತೆ!), ಮನೆ, ಮನೆಗೆ, ಮನೆಯಲ್ಲಿ ಎಲ್ಲಾ ಅದಕ್ಕೆ ಬೇರೆಬೇರೆ ಪದ. ಅದೊಂದಕ್ಕೆ ಒಂದು ಸ್ಟಾರ್ ಕಟ್, 4/5. ಅಂದಂಗೆ ಪೂರ್ತಿ ಫ್ರೀ.