ಜೆರುಸಲೆಮ್: ಶುಕ್ರವಾರದ ಓಡಾಟ, ಕೊನೆಗೆ ಪಶ್ಚಿಮ ಗೋಡೆ

ಜೆರುಸಲೆಮ್‌ನಲ್ಲಿ ಅಂಗಡಿ ಕೆಲಸ ಇದ್ದರೆ ಶುಕ್ರವಾರ ಬೆಳಗ್ಗೆಯೇ ಮುಗಿಸಿಕೊಳ್ಳಿ. ಮಧ್ಯಾಹ್ನದ ಮೇಲೆ ಮಹನೆ ಯೆಹುದಾ ಮಾರುಕಟ್ಟೆಯಲ್ಲಿ ಒಂದೊಂದೇ ಬಾಗಿಲು ಮುಚ್ಚುತ್ತದೆ, ಸಬ್ಬತ್ (ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗಿನ ಯಹೂದಿಗಳ ವಿಶ್ರಾಂತಿ ದಿನ) ಶುರುವಾಗುವ ಮೊದಲೇ ಟ್ರ್ಯಾಮ್ ಕೂಡ ನಿಂತುಹೋಗುತ್ತದೆ. ಸಿಮ್ ಅಂಗಡಿಯೊಂದರಲ್ಲಿ ಸುಮ್ನೆ ಕಾಯಿಸಿದ್ದೇ ಕಾಯಿಸಿದ್ದು, ಅದಕ್ಕೆ ಎರಡೇ ಸ್ಟಾರ್. ಮಾರುಕಟ್ಟೆಗೆ ನಾಲ್ಕು: ಎಳ್ಳಿನ ಹಲ್ವಾ ಗಾಲಿಯಷ್ಟು ದೊಡ್ಡದಾಗಿ ಇಟ್ಟಿರುತ್ತಾರೆ, ರುಚಿಗೆ ಚೂರು ಕತ್ತರಿಸಿ ಕೊಡುತ್ತಾರೆ, ಆದರೆ ತೂಕ ಹಾಕಿಸುವ ಮೊದಲು ಬೆಲೆ ಕೇಳಿಬಿಡಿ.

ಯಹೂದಿಗಳು ಪ್ರಾರ್ಥನೆ ಮಾಡುವ ಪವಿತ್ರ ಜಾಗವಾದ ಪಶ್ಚಿಮ ಗೋಡೆಗೆ ಟಿಕೆಟ್ ಇಲ್ಲ, 24 ಗಂಟೆಯೂ ತೆರೆದಿರುತ್ತದೆ, ಬ್ಯಾಗ್ ತಪಾಸಣೆ ಅಷ್ಟೇ. ಗಂಡಸರು ತಲೆ ಮುಚ್ಚಬೇಕು, ಟೋಪಿ ಅಲ್ಲೇ ಸಿಗುತ್ತದೆ. ಹೆಂಗಸರ ಭಾಗ ಚಿಕ್ಕದು, ನೂಕಾಟ ಜಾಸ್ತಿ, ಅದಕ್ಕೇ ಅರ್ಧ ಸ್ಟಾರ್ ಕಡಿಮೆ. ಕಲ್ಲಿನ ಸಂದಿಗೆ ತುರುಕಿದ ಪ್ರಾರ್ಥನೆಯ ಚೀಟಿಗಳನ್ನು ವರ್ಷಕ್ಕೆ 2 ಸಲ ತೆಗೆದು ಆಲಿವ್ ಬೆಟ್ಟದಲ್ಲಿ ಹೂಳುತ್ತಾರಂತೆ, ಕಸಕ್ಕೆ ಹಾಕುವುದಿಲ್ಲ. ಫೋಟೋ ಬೇಕಿದ್ದರೆ ಸಬ್ಬತ್‌ಗೆ ಮುಂಚೆಯೇ ತೆಗೆದುಕೊಳ್ಳಿ, ಆಮೇಲೆ ಬಿಡುವುದಿಲ್ಲ.